ಜಿಯೋಲೈಟ್ ಹರಳಿನೊಳಗೆ ಟೈಟಾನಿಯಂ ಕೂರಿಸೋ ಕಥೆ

ಜಿಯೋಲೈಟ್ ಅಂದ್ರೆ ಒಳಗೆಲ್ಲ ಸಣ್ಣ ಸಣ್ಣ ರಂಧ್ರ ಇರೋ, ಸಿಲಿಕಾ ಚೌಕಟ್ಟಿನ ಹರಳು. ಅದನ್ನ ಮಾಡುವಾಗ ಲೋಹ ಬೆರೆಸಿದ್ರೆ ಹರಳು ಬೇಗ ಬೆಳೆಯತ್ತಾ, ತಡ ಆಗತ್ತಾ? ಒಬ್ಬೊಬ್ರ ಪೇಪರ್ ಒಂದೊಂದು ಹೇಳತ್ತೆ. ನಂಗೆ ಚೆನ್ನಾಗಿ ಗೊತ್ತಿರೋ ಟಿಎಸ್-1 (ಟೈಟಾನಿಯಂ ಸಿಲಿಕಲೈಟ್, ಹೈಡ್ರೋಜನ್ ಪೆರಾಕ್ಸೈಡ್ ಬಳಸೋ ಕ್ರಿಯೆಗಳಿಗೆ ವೇಗವರ್ಧಕ) ಹಿಡ್ಕೊಂಡೇ ಹೇಳ್ತೀನಿ.

1756ರಲ್ಲಿ ಸ್ವೀಡನ್ನಿನ ಕ್ರಾನ್‌ಸ್ಟೆಡ್ ಕಲ್ಲು ಕಾಯಿಸಿ ಹಬೆ ಬಂದಿದ್ದು ನೋಡಿ 'ಕುದಿಯೋ ಕಲ್ಲು' ಅಂತ ಹೆಸರಿಟ್ಟ, ಇಪ್ಪತ್ತನೇ ಶತಮಾನದಲ್ಲಿ ಅದನ್ನ ಲ್ಯಾಬಲ್ಲೇ ಬೆಳೆಸೋದು ಕಲಿತ್ರು, 1978ಕ್ಕೆ ಅಲ್ಯುಮಿನಿಯಂ ಇಲ್ಲದ ಸಿಲಿಕಲೈಟ್ ಬಂತು. ಅದೇ ಚೌಕಟ್ಟಲ್ಲಿ ಕೆಲವು ಸಿಲಿಕಾನ್ ಜಾಗಕ್ಕೆ ಟೈಟಾನಿಯಂ ಕೂರಿಸಿದ್ದು ಇಟಲಿಯ ತರಮಾಸ್ಸೊ, ಪೆರೆಗೊ, ನೊಟಾರಿ, 1983ರ ಪೇಟೆಂಟ್.

ತೊಂದರೆ ಏನಂದ್ರೆ ಟೈಟಾನಿಯಂಗೆ ವಿಪರೀತ ಅವಸರ. ಸಿಲಿಕಾನ್ ಒದಗಿಸೋ ಈಥೈಲ್ ಸಿಲಿಕೇಟ್ ನೀರಿನ ಜೊತೆ ನಿಧಾನಕ್ಕೆ ಸೇರ್ಕೊಳತ್ತೆ, ಟೈಟಾನಿಯಂ ಸಂಯುಕ್ತ ಮಾತ್ರ ನೀರು ತಾಗಿದ್ದೇ ತಡ ಒಡೆಯತ್ತೆ. ಬೀಕರ್‌ನಲ್ಲಿ ತಿಳಿಯಾಗಿದ್ದ ದ್ರಾವಣ ಎರಡು ಹನಿ ಜೋರಾಗಿ ಬಿದ್ರೆ ಅಕ್ಕಿ ತೊಳೆದ ನೀರಿನ ಥರ ಬೆಳ್ಳಗಾಗತ್ತೆ. ಆ ಬಿಳುಪು ಬಂತು ಅಂದ್ರೆ ಆಮೇಲೆ ಆಟೋಕ್ಲೇವ್‌ನಲ್ಲಿ (ಒತ್ತಡ ತಡೆಯೋ ಮುಚ್ಚಿದ ಪಾತ್ರೆ) 175 ಡಿಗ್ರಿಲಿ ಎಷ್ಟು ದಿನ ಇಟ್ರೂ ಆ ಟೈಟಾನಿಯಂ ಚೌಕಟ್ಟಿಗೆ ಸರಿಯಾಗಿ ಹೋಗಲ್ಲ, ಹೊರಗೇ ಆಕ್ಸೈಡ್ ಆಗಿ ಉಳಿಯತ್ತೆ. ಸೋಡಿಯಂ ಸ್ವಲ್ಪ ಸೇರ್ಕೊಂಡ್ರೂ ಇದೇ ಗತಿ.

1991ರಲ್ಲಿ ಪುಣೆಯ ಎನ್‌ಸಿಎಲ್‌ನ (ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ) ತಂಗರಾಜ್, ರತ್ನಸ್ವಾಮಿ ಮತ್ತವರ ಜೊತೆಗಾರರು ಟೈಟಾನಿಯಂ ಈಥಾಕ್ಸೈಡ್ ಬಿಟ್ಟು ನೀರಿಗೆ ನಿಧಾನಕ್ಕೆ ಒಡೆಯೋ ಟೈಟಾನಿಯಂ ಬ್ಯುಟಾಕ್ಸೈಡ್ ಹಿಡಿದ್ರು, ಅದನ್ನ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಕರಗಿಸಿ ಹಾಕಿದ್ರು, ಅವಸರ ಅಷ್ಟು ತಗ್ಗಿತು. ಇಟಲಿಯವರ ಲೆಕ್ಕದಲ್ಲಿ ಚೌಕಟ್ಟಿಗೆ ಹಿಡಿಸೋದು ನೂರಕ್ಕೆ ಎರಡೂವರೆ ಟೈಟಾನಿಯಂ, ಇವರು ಇನ್ನೂ ಜಾಸ್ತಿ ಹಿಡಿಸತ್ತೆ ಅಂದ್ರು, ಚರ್ಚೆ ವರ್ಷಗಟ್ಟಲೆ ನಡೀತು. ನನ್ನ ಕೇಳಿದ್ರೆ ಎಷ್ಟು ಸುರಿದ್ವಿ ಅನ್ನೋ ಲೆಕ್ಕಕ್ಕೆ ಇಷ್ಟು ಬೆಲೆ ಕೊಡಲೇಬಾರದಿತ್ತು, ಹರಳು ಯುವಿ (ಅತಿನೇರಳೆ) ಬೆಳಕು ಹೀರೋದನ್ನ ಅಳೆದ ನಕ್ಷೆಯಲ್ಲಿ 210 ನ್ಯಾನೊಮೀಟರ್ ಹತ್ರ ಗುಡ್ಡ ಕಂಡ್ರೆ ಟೈಟಾನಿಯಂ ಜಾಗದಲ್ಲಿ ಕೂತಿದೆ, 330ರ ಹತ್ರ ಕಂಡ್ರೆ ಹೊರಗೆ ಅನಟೇಸ್ (ಟೈಟಾನಿಯಂ ಆಕ್ಸೈಡಿನ ಒಂದು ರೂಪ) ಆಗಿದೆ. ಆ ಅನಟೇಸ್ ಹೈಡ್ರೋಜನ್ ಪೆರಾಕ್ಸೈಡನ್ನ ಸುಮ್ಮನೆ ಒಡೆದು ಹಾಳು ಮಾಡತ್ತೆ.

ಇನ್ನು ವೇಗದ ವಿಷಯ. ಟೈಟಾನಿಯಂ ಜಾಸ್ತಿ ಆದಷ್ಟೂ ಹರಳು ಕಟ್ಟೋದು ತಡ ಆಗತ್ತೆ, ತವರ ಹಾಕಿ ಬೀಟಾ ಅನ್ನೋ ಇನ್ನೊಂದು ಬಗೆಯ ಜಿಯೋಲೈಟ್ ಮಾಡೋರಂತೂ ವಾರಗಟ್ಟಲೆ ಕಾಯ್ತಾರೆ. 1996ರಲ್ಲಿ ಎನ್‌ಸಿಎಲ್‌ನವರೇ ಚೂರು ಫಾಸ್ಫೇಟ್ ಹಾಕಿದ್ರೆ ಕಾಯೋ ಸಮಯ ಎಷ್ಟೋ ಇಳಿಯತ್ತೆ ಅಂತ ತೋರಿಸಿದ್ರು, ಅದಕ್ಕೆ ಸಿಗಬೇಕಾದಷ್ಟು ಗಮನ ಸಿಗಲಿಲ್ಲ ಅಂತ ನಂಗನ್ಸತ್ತೆ.

2008ರಲ್ಲಿ ದಕ್ಷಿಣ ಕೊರಿಯಾದ ಉಲ್ಸಾನ್‌ನಲ್ಲಿ ಇದೇ ಟೈಟಾನಿಯಂ ಸಿಲಿಕಲೈಟ್ ಇಟ್ಕೊಂಡು ವರ್ಷಕ್ಕೆ 1 ಲಕ್ಷ ಟನ್ ಪ್ರೊಪಿಲೀನ್ ಆಕ್ಸೈಡ್ (ಪ್ಲಾಸ್ಟಿಕ್ ಫೋಮ್ ಮಾಡೋಕೆ ಬೇಕಾದ ರಾಸಾಯನಿಕ) ಮಾಡೋ ಕಾರ್ಖಾನೆ ಶುರುವಾಯ್ತು, ಹಳೇ ವಿಧಾನದ ಥರ ಕ್ಲೋರಿನ್ ಬೇಡ, ಜೊತೆಗೆ ಬರೋದು ಹೆಚ್ಚುಕಮ್ಮಿ ನೀರು ಮಾತ್ರ.