ನಾಲೆ ನೀರಿನ ಬೆಳೆಗೆ ಹಾರ್ಮೋನ್ ನೆರವಾದೀತೇ?

ಸವದತ್ತಿ ಬಳಿಯ ರೇಣುಕಾಸಾಗರದಿಂದ ಮಲಪ್ರಭೆ ನೀರು ಹುಬ್ಬಳ್ಳಿ-ಧಾರವಾಡಕ್ಕೆ ಬರುತ್ತದೆ. ಮನೆಗಳಲ್ಲಿ ಬಳಕೆಯಾಗಿ ಕೊಳಚೆ ನಾಲೆ ಸೇರುತ್ತದೆ. ಊರು ಬೆಳೆದಂತೆ ನಾಲೆ ಬೇಸಿಗೆಯಲ್ಲೂ ಹರಿಯತೊಡಗಿತು. ಮಳೆಯನ್ನೇ ನಂಬಿದ್ದ ಬಿಡನಾಳ, ಗಬ್ಬೂರ, ಮಡಿಹಾಳದ ಕಡೆ ರೈತರು ಅದಕ್ಕೆ ಪಂಪ್ ಹಚ್ಚಿದರು. ಕಣ್ಣೆದುರು ನೀರು ಹರಿಯುವಾಗ ಬೆಳೆ ಒಣಗಲಿ ಎಂದು ಯಾರು ಬಿಡುತ್ತಾರೆ?

2000ರ ಆಸುಪಾಸಿನಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರೂ ಬ್ರಿಟನ್ನಿನ ಸಂಶೋಧಕರೂ ಈ ಹೊಲಗಳ ಅಧ್ಯಯನ ಮಾಡಿದರು. ಸಾರಜನಕ, ರಂಜಕ ಪುಕ್ಕಟೆ ಸಿಗುತ್ತಿತ್ತು. ಕಳೆ, ಕೀಟದ ಕಾಟವೂ ಹೆಚ್ಚಿತ್ತು. ನಮ್ಮ ಎರೆ ಮಣ್ಣಿನ ಕಷ್ಟ ಬೇರೆ. ಸೋಡಿಯಂ ಜಾಸ್ತಿಯಾದರೆ ಅದು ಬಿಗಿದು, ನೀರು ಇಂಗುವುದಿಲ್ಲ. ಕಾರ್ಖಾನೆ ನೀರು ಬೆರೆತಲ್ಲಿ ಕ್ಯಾಡ್ಮಿಯಂ, ಸೀಸ, ನಿಕ್ಕಲ್ ಭಯವೂ ಇದೆ.

ಈ ಉಪ್ಪು, ಲೋಹದ ಕಾಟ ತಾಳಿಕೊಳ್ಳಲು ಗಿಡಕ್ಕೆ ಹಾರ್ಮೋನ್, ಅಂದರೆ ಅದರ ಬೆಳವಣಿಗೆಯನ್ನು ನಿಯಂತ್ರಿಸುವ ರಾಸಾಯನಿಕ, ಕೊಟ್ಟರೆ ಹೇಗೆ? ಅದು ಇಲ್ಲಿನ ರೈತರಿಗೆ ಹೊಸದಲ್ಲ. ಹಾವೇರಿ ಕಡೆ ಮೆಣಸಿನ ಗಿಡದ ಹೂ ಉದುರದಿರಲಿ ಎಂದು ಎನ್‌ಎಎ ಎಂಬ ಕೃತಕ ಹಾರ್ಮೋನ್ ಹೊಡೆಯುತ್ತಾರೆ, ಅಲ್ವಾ? 1926ರಲ್ಲಿ ಜಪಾನಿನ ಕುರೊಸಾವಾ ಅವರು ಭತ್ತದ ಸಸಿ ವಿಪರೀತ ಉದ್ದವಾಗಲು ಒಂದು ಶಿಲೀಂಧ್ರದ ರಸ ಕಾರಣ ಎಂದು ತೋರಿಸಿದರು. ಗಿಡವನ್ನು ಉದ್ದ ಬೆಳೆಸುವ ಜಿಬ್ಬರೆಲಿನ್ ಹಾರ್ಮೋನಿನ ಕಥೆ ಶುರುವಾದದ್ದು ಅಲ್ಲಿಂದ. ಆಗೆಲ್ಲ ಬೆಳವಣಿಗೆಯದೇ ಮಾತು. 1979ರಲ್ಲಿ ಎರಡು ಹೊಸ ದಾರಿ ತೆರೆದವು. ಆಸ್ಪಿರಿನ್ ಚುಚ್ಚಿದ ತಂಬಾಕಿನ ಗಿಡ ವೈರಸ್ ತಡೆದುಕೊಂಡಿತು. ಆಸ್ಪಿರಿನ್ನಿನ ನಂಟಿನ, ಗಿಡದಲ್ಲೇ ಇರುವ ಸ್ಯಾಲಿಸಿಲಿಕ್ ಆಮ್ಲದ ಮೇಲೆ ಗಮನ ಬಿದ್ದದ್ದು ಹೀಗೆ. ಅದೇ ವರ್ಷ ಅಮೆರಿಕದಲ್ಲಿ ಸಾಸಿವೆ ಜಾತಿಯ ಗಿಡದ ಪರಾಗದಿಂದ ಬ್ರಾಸಿನೊಲೈಡ್ ಎಂಬ ಹಾರ್ಮೋನ್ ಬೇರ್ಪಡಿಸಿದರು. ಕಿಲೋಗಟ್ಟಲೆ ಪರಾಗಕ್ಕೆ ಸಿಕ್ಕಿದ್ದು ಕೆಲವೇ ಮಿಲಿಗ್ರಾಂ!

ಉಪ್ಪು, ಲೋಹ ಹೆಚ್ಚಾದಾಗ ಗಿಡದ ಜೀವಕೋಶದಲ್ಲಿ ಹಾನಿ ಮಾಡುವ ಆಮ್ಲಜನಕದ ರೂಪಗಳು ತುಂಬಿಕೊಳ್ಳುತ್ತವೆ. ಎಲೆ ಹಳದಿಯಾಗುತ್ತದೆ, ಬೇರು ಕುಗ್ಗುತ್ತದೆ. ಸರಿಯಾದ ಅಳತೆಯಲ್ಲಿ ಈ ಹಾರ್ಮೋನ್ ಕೊಟ್ಟರೆ ಕ್ಯಾಟಲೇಸ್‌ನಂಥ ಕಿಣ್ವಗಳು ಚುರುಕಾಗಿ ಹಾನಿ ತಗ್ಗಿಸುತ್ತವೆ. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದವರು ಬ್ರಾಸಿನೊಲೈಡ್ ಗುಂಪಿನ ಬ್ರಾಸಿನೊಸ್ಟೀರಾಯ್ಡ್‌ಗಳನ್ನು ಕ್ಯಾಡ್ಮಿಯಂ, ನಿಕ್ಕಲ್ ಎದುರು ಪರೀಕ್ಷಿಸಿ ಇಂಥದ್ದೇ ಫಲ ಕಂಡಿದ್ದಾರೆ. ಅಳತೆ ತಪ್ಪಿದರೆ ಮಾತ್ರ ಗಿಡಕ್ಕೇ ಪೆಟ್ಟು. ಸುಮ್ನೆ ಜಾಸ್ತಿ ಹೊಡೆಯುವುದು ಬೇಡ.

ನನ್ನ ಆತಂಕ ಬೇರೆ. ಹಾರ್ಮೋನ್ ಕುಡಿದ ಪಾಲಕ್ ಹಚ್ಚಗೆ ಕಾಣುತ್ತದೆ. ಅದರೊಳಗಿನ ಕ್ಯಾಡ್ಮಿಯಂ ಕೆಲವೊಮ್ಮೆ ಕಡಿಮೆಯಾಗುತ್ತದೆ, ಪ್ರತಿ ಸಲವೂ ಅಲ್ಲ. ಕೊಳ್ಳುವವರ ಕಣ್ಣಿಗೆ ಅದು ತಿಳಿಯುವುದೂ ಇಲ್ಲ. ಬರಿಗಾಲಲ್ಲಿ ನೀರು ಹಾಯಿಸುವವರ ಕಾಲಿಗೆ ತಾಗುವ ಕೊಕ್ಕೆಹುಳುವಿಗಂತೂ ಈ ಸಿಂಪಡಣೆ ಲೆಕ್ಕಕ್ಕೇ ಇಲ್ಲ. ಹೀಗಾಗಿ ಮೊದಲು ನಾಲೆ ನೀರು, ಮಣ್ಣು ಎರಡರ ಪರೀಕ್ಷೆಯಾಗಬೇಕು. ಲೋಹ ಹೆಚ್ಚಿದ್ದಲ್ಲಿ ಸೊಪ್ಪು ಬಿಟ್ಟು ಹತ್ತಿ ಬೆಳೆಯಲು ರೈತರಿಗೆ ನೆರವು ಸಿಗಬೇಕು. ಹಾರ್ಮೋನ್ ಪ್ರಯೋಗವನ್ನೂ ಆ ಹತ್ತಿ ಹೊಲದಲ್ಲೇ ಶುರು ಮಾಡಬಹುದು.