ಮೊಬೈಲ್‌ನಲ್ಲಿರುವ ಟಿಕೆಟ್‌ಗೆ ಪ್ರಿಂಟ್ ತೆಗೆಸಲೇಬೇಕಾ?

ಪ್ರಶ್ನೆ: ನಾವು ತುಮಕೂರಿನವರು. ಅಪ್ಪ ಅಮ್ಮ ಹುಬ್ಬಳ್ಳಿಗೆ ಹೋಗಬೇಕಿದೆ, ಆನ್‌ಲೈನ್‌ನಲ್ಲಿ ರೈಲು ಟಿಕೆಟ್ ಮಾಡಿಸಿದ್ದೇನೆ. ಪ್ರಿಂಟ್ ಇಲ್ಲದಿದ್ದರೆ ಟಿಸಿ ದಂಡ ಹಾಕ್ತಾರೆ ಅಂತ ಜೆರಾಕ್ಸ್ ಅಂಗಡಿಯವರು ಹೇಳಿದರು. ಮೊಬೈಲ್‌ನಲ್ಲಿ ತೋರಿಸಿದರೆ ಸಾಕು ಅಂತಾನೆ ತಮ್ಮ. ಯಾರ ಮಾತು ಸರಿ?

ಉತ್ತರ: ತಮ್ಮನ ಮಾತು ಸರಿ. ರೈಲ್ವೆಯ ಆನ್‌ಲೈನ್ ಬುಕಿಂಗ್ ತಾಣವಾದ ಐಆರ್‌ಸಿಟಿಸಿಯಲ್ಲಿ ಮಾಡಿದ ಟಿಕೆಟ್‌ಗೆ ಪ್ರಿಂಟ್ ಬೇಕಿಲ್ಲ. ಮೊಬೈಲ್‌ನಲ್ಲಿ ಟಿಕೆಟ್ ತೋರಿಸಿದರೂ ಆಯಿತು, ಐಆರ್‌ಸಿಟಿಸಿಯಿಂದ ಬಂದ ಎಸ್‌ಎಂಎಸ್ ತೋರಿಸಿದರೂ ಆಯಿತು. ಜೊತೆಗೆ ಅಸಲಿ ಗುರುತಿನ ಚೀಟಿ ಇರಲೇಬೇಕು.

ಹಾಗಂತ ಅಂಗಡಿಯವರು ಸುಮ್ನೆ ಹೆದರಿಸಿದರು ಅಂತಲೂ ಅಲ್ಲ. ಅವರು ಹೇಳಿದ್ದು ಹಳೇ ನಿಯಮ. 2002ರಲ್ಲಿ ಇಂಟರ್ನೆಟ್ ಬುಕಿಂಗ್ ಶುರುವಾದಾಗ ಟಿಕೆಟ್ ಕೊರಿಯರ್‌ನಲ್ಲಿ ಮನೆಗೆ ಬರುತ್ತಿತ್ತು. 2005ರಲ್ಲಿ ಇ-ಟಿಕೆಟ್ ಬಂತು, ಅದನ್ನು ನಾವೇ ಪ್ರಿಂಟ್ ತೆಗೆದು ಒಯ್ಯಬೇಕಿತ್ತು. ಮರೆತರೆ 50 ರೂಪಾಯಿ ದಂಡ. ಪರದೆಯ ಮೇಲೆ ತೋರಿಸಿದರೂ ನಡೆಯುತ್ತದೆ ಅಂತ ಆದದ್ದು 2011ರಲ್ಲಿ. ಮರುವರ್ಷ ಎಸ್‌ಎಂಎಸ್‌ಗೂ ಒಪ್ಪಿಗೆ ಸಿಕ್ಕಿತು. ನಿಯಮ ಬದಲಾದರೂ ಆ 50 ರೂಪಾಯಿಯ ಭಯ ಮಾತ್ರ ಜನರ ಮನಸ್ಸಿನಿಂದ ಹೋಗಿಲ್ಲ.

ಆ ದಂಡ ಪೂರ್ತಿ ಹೋಗಿಲ್ಲ ಅನ್ನುವುದೂ ಗೊತ್ತಿರಲಿ. ಬ್ಯಾಟರಿ ಖಾಲಿಯಾಯಿತು ಅಥವಾ ಮೊಬೈಲ್ ಕಳೆದುಹೋಯಿತು ಅಂದುಕೊಳ್ಳಿ. ಹೆಸರು ಚಾರ್ಟ್‌ನಲ್ಲಿದ್ದು (ರೈಲು ಹೊರಡುವ ಮೊದಲು ಮಾಡುವ ಪ್ರಯಾಣಿಕರ ಪಟ್ಟಿ), ಕೈಯಲ್ಲಿ ಅಸಲಿ ಗುರುತಿನ ಚೀಟಿ ಇದ್ದರೆ, ರೈಲಿನಲ್ಲಿ ಟಿಕೆಟ್ ನೋಡುವ ಟಿಟಿಇ ಒಂದು ಟಿಕೆಟ್‌ಗೆ 50 ರೂಪಾಯಿ ತೆಗೆದುಕೊಂಡು ರಸೀದಿ ಕೊಡುತ್ತಾರೆ. ಪ್ರಯಾಣ ಮುಂದುವರಿಯುತ್ತದೆ. ಗುರುತಿನ ಚೀಟಿಯೇ ಇಲ್ಲದಿದ್ದರೆ ಕಷ್ಟ. ಒಂದು ಪಿಎನ್‌ಆರ್‌ನಲ್ಲಿ (ಟಿಕೆಟ್‌ನ ಬುಕಿಂಗ್ ನಂಬರ್) ಎಷ್ಟೇ ಜನ ಇದ್ದರೂ ಒಬ್ಬರಾದರೂ ಅಸಲಿ ಚೀಟಿ ತೋರಿಸಬೇಕು. ಇಲ್ಲದಿದ್ದರೆ ಎಲ್ಲರೂ ಟಿಕೆಟ್ ಇಲ್ಲದವರ ಲೆಕ್ಕ. ಆಧಾರ್‌ನ ಜೆರಾಕ್ಸ್ ನಡೆಯುವುದಿಲ್ಲ. ಸರ್ಕಾರದ ಡಿಜಿಲಾಕರ್ ಆ್ಯಪ್‌ನಲ್ಲಿರುವ ಆಧಾರ್ ಮತ್ತು ಡ್ರೈವಿಂಗ್ ಲೈಸೆನ್ಸ್ ಅನ್ನು 2018ರಿಂದ ಒಪ್ಪುತ್ತಾರೆ. ಆದರೆ ಅದು ಸರ್ಕಾರದಿಂದ ನೇರ ಬಂದ ದಾಖಲೆ ಆಗಿರಬೇಕು, ನೀವೇ ಫೋಟೋ ತೆಗೆದು ಅಪ್‌ಲೋಡ್ ಮಾಡಿದ್ದಲ್ಲ.

ನಿಮ್ಮ ಅಪ್ಪ ಅಮ್ಮನ ವಿಷಯದಲ್ಲಿ ನಾನು ಕೇಳುವುದು ಒಂದೇ: ಎಸ್‌ಎಂಎಸ್ ಯಾರ ಫೋನಿಗೆ ಬಂದಿದೆ? ಮಕ್ಕಳು ಬುಕ್ ಮಾಡುವಾಗ ತಮ್ಮದೇ ನಂಬರ್ ಕೊಟ್ಟುಬಿಡುತ್ತಾರೆ. ರೈಲಿನಲ್ಲಿ ಕೂತ ಹಿರಿಯರ ಹತ್ತಿರ ತೋರಿಸಲು ಏನೂ ಇರುವುದಿಲ್ಲ. ಬುಕ್ ಮಾಡುವಾಗಲೇ ಪ್ರಯಾಣ ಮಾಡುವವರ ನಂಬರ್ ಕೊಡಿ, ಬಟನ್ ಫೋನ್ ಆದರೂ ಪರವಾಗಿಲ್ಲ. ಈಗಾಗಲೇ ನಿಮ್ಮ ನಂಬರ್ ಕೊಟ್ಟಿದ್ದು, ಅವರ ಹತ್ತಿರ ಸ್ಮಾರ್ಟ್‌ಫೋನ್ ಇಲ್ಲದಿದ್ದರೆ ಒಂದು ಪ್ರಿಂಟ್ ತೆಗೆಸಿ ಕೊಟ್ಟುಬಿಡಿ. ನಿಯಮಕ್ಕೆ ಬೇಕು ಅಂತಲ್ಲ, ವಯಸ್ಸಾದವರು ದಾರಿಯಲ್ಲಿ ಗಾಬರಿ ಆಗಬಾರದು.

ಜಗಳ ನಿಜವಾಗಿ ಆಗುವುದು ಕೌಂಟರ್ ಟಿಕೆಟ್‌ನಲ್ಲಿ. ಅಪ್ಪ ತುಮಕೂರು ಸ್ಟೇಷನ್ನಿನಲ್ಲಿ ಕ್ಯೂ ನಿಂತು ರಿಸರ್ವೇಷನ್ ಮಾಡಿಸಿ, ಬೇರೆ ಊರಲ್ಲಿರುವ ಮಗಳಿಗೆ ಅದರ ಫೋಟೋವನ್ನು ವಾಟ್ಸಾಪ್ ಮಾಡುತ್ತಾರೆ. ಅದು ನಡೆಯುವುದಿಲ್ಲ. ಕೌಂಟರ್‌ನಲ್ಲಿ ಕೊಂಡದ್ದಕ್ಕೆ ಆ ಕಾಗದವೇ ಟಿಕೆಟ್. ಅದು ಕಳೆದುಹೋದರೆ ಚಾರ್ಟ್ ಆಗುವ ಮೊದಲು ಡೂಪ್ಲಿಕೇಟ್ ಕೇಳಬಹುದು, ಸ್ಲೀಪರ್‌ಗೆ 50 ರೂಪಾಯಿ, ಎಸಿಗೆ 100. ಚಾರ್ಟ್ ಆದ ಮೇಲೆ ಹೋದರೆ ಪ್ರಯಾಣದರದ ಅರ್ಧ ಕಟ್ಟಬೇಕು. ಮಗಳು ಪ್ರಯಾಣ ಮಾಡುವುದಾದರೆ ಇ-ಟಿಕೆಟ್ ಮಾಡುವುದೇ ವಾಸಿ, ಅಲ್ವಾ?

ದಿನಾ ಬೆಂಗಳೂರಿಗೆ ಓಡಾಡುವವರಿಗೆ ಇನ್ನೊಂದು ಎಚ್ಚರಿಕೆ. ರೈಲ್ವೆಯ ಆ್ಯಪ್‌ನಲ್ಲಿ ಜನರಲ್ ಟಿಕೆಟ್ ಮಾಡುವಾಗ ಪೇಪರ್‌ಲೆಸ್ ಅಥವಾ ಪೇಪರ್ ಅಂತ ಆರಿಸಬೇಕು. ಪೇಪರ್‌ಲೆಸ್ ಆರಿಸಿದರೆ ಟಿಕೆಟ್ ಅನ್ನು ಆ್ಯಪ್ ತೆರೆದೇ ತೋರಿಸಬೇಕು, ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಪೇಪರ್ ಆರಿಸಿದರೆ ಸ್ಟೇಷನ್ನಿನ ಯಂತ್ರದಲ್ಲೋ ಕೌಂಟರ್‌ನಲ್ಲೋ ಪ್ರಿಂಟ್ ಪಡೆದೇ ರೈಲು ಹತ್ತಬೇಕು. ಬೆಳಗಿನ ಗಡಿಬಿಡಿಯಲ್ಲಿ ತಪ್ಪು ಗುಂಡಿ ಒತ್ತಿದರೆ ದುಡ್ಡು ಕಟ್ಟಿಯೂ ಟಿಕೆಟ್ ಇಲ್ಲದವರಾಗುತ್ತೀರಿ. ಜನರಲ್ ಟಿಕೆಟ್‌ಗೆ ಚಾರ್ಟ್ ಇಲ್ಲ, ಹಾಗಾಗಿ ಇಲ್ಲಿ 50 ರೂಪಾಯಿಯ ಅನುಕೂಲವೂ ಇಲ್ಲ. ಪ್ರಯಾಣದರದ ಜೊತೆ ಕನಿಷ್ಠ 250 ರೂಪಾಯಿ ದಂಡ ಬೀಳುತ್ತದೆ. ಮೊಬೈಲ್‌ನಲ್ಲಿ ಚಾರ್ಜ್ ನೋಡಿಕೊಂಡೇ ಮನೆ ಬಿಡಿ.

ಪ್ರಿಂಟ್ ಇದ್ದೂ ಉಪಯೋಗವಿಲ್ಲದ ಸಂದರ್ಭವೂ ಉಂಟು. ಚಾರ್ಟ್ ಆದ ಮೇಲೂ ಎಲ್ಲರ ಹೆಸರು ವೇಟಿಂಗ್ ಲಿಸ್ಟ್‌ನಲ್ಲೇ ಉಳಿದರೆ ಇ-ಟಿಕೆಟ್ ತಾನೇ ರದ್ದಾಗಿ ಹಣ ವಾಪಸ್ ಬರುತ್ತದೆ. ಆ ಕಾಗದ ಹಿಡಿದು ರೈಲು ಹತ್ತಬೇಡಿ.

ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಮುಂಗಡ ಸೀಟು ಮಾಡಿದ್ದರೆ ಮೊಬೈಲ್ ಟಿಕೆಟ್ ಮತ್ತು ಗುರುತಿನ ಚೀಟಿ ಸಾಕು. ವಿಮಾನಕ್ಕೂ ಅಷ್ಟೇ. ಚೆಕ್-ಇನ್ ಕೌಂಟರ್‌ನಲ್ಲಿ ಬೋರ್ಡಿಂಗ್ ಪಾಸ್ ಕೊಡಲು ಹೆಚ್ಚುವರಿ ಹಣ ಕೇಳಬಾರದು ಅಂತ ವಿಮಾನಯಾನ ಸಚಿವಾಲಯ 2022ರ ಜುಲೈನಲ್ಲಿ ಕಂಪನಿಗಳಿಗೆ ಹೇಳಿದೆ.

ಇ-ಟಿಕೆಟ್, ಗುರುತಿನ ಚೀಟಿ ಎರಡೂ ತೋರಿಸಿದ ಮೇಲೂ ಪ್ರಿಂಟ್ ಬೇಕೇ ಬೇಕು ಅಂತ ಯಾರಾದರೂ ಹಟ ಹಿಡಿದರೆ ಕೂಗಾಡಬೇಡಿ. ದಂಡಕ್ಕೆ ರಸೀದಿ ಕೇಳಿ, ರಸೀದಿ ಇಲ್ಲದೆ ಒಂದು ರೂಪಾಯಿಯೂ ಕೊಡಬೇಡಿ. ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ, ಇಲ್ಲವೇ ರೈಲ್ವೆಯ ದೂರು ತಾಣ ರೈಲ್‌ಮದದ್‌ನಲ್ಲಿ ಪಿಎನ್‌ಆರ್ ಹಾಕಿ ದೂರು ಕೊಡಿ. ಪ್ರಯಾಣದ ನಡುವೆಯೇ ಕೊಡಬಹುದು. ಈ ನಂಬರನ್ನು ಅಪ್ಪ ಅಮ್ಮನಿಗೂ ಬರೆದುಕೊಡಿ.