ಫ್ಲೂ ಸೂಜಿ ಮಾಡಿಸಿಕೊಂಡರೆ ಫ್ಲೂ ಬರುತ್ತದೆಯೇ?

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ, ಶುಗರ್ ಐತಿ. ಫ್ಲೂ ಸೂಜಿ ಮಾಡಿಸ್ರಿ ಅಂದ್ರೆ, ‘ಮಾಡಿಸ್ಕೊಂಡೋರಿಗೇ ಜ್ವರ ಬಂದಾವ, ಬ್ಯಾಡ’ ಅಂತಾರ. ಏನು ಮಾಡೂದು, ಸರ್?
– ಓದುಗರೊಬ್ಬರು, ಗಂಗಾವತಿ

ಉತ್ತರ: ಮಾಡಿಸಿ. ಪ್ರತಿ ಮಳೆಗಾಲಕ್ಕೆ ಮುಂಚೆ ಇದೇ ಪ್ರಶ್ನೆ ಬರುತ್ತದೆ, ಪ್ರತಿ ಸಲ ಇದೇ ಉತ್ತರ ಕೊಡುತ್ತೇನೆ. ಆದರೂ ಆ ‘ಸೂಜಿಯಿಂದಲೇ ಜ್ವರ’ ಅನ್ನುವ ಮಾತು ಊರು ಬಿಟ್ಟು ಹೋಗುತ್ತಿಲ್ಲ. ಇವತ್ತು ಅದನ್ನು ಬುಡಸಮೇತ ಕೀಳೋಣ.

ತೋಳಿಗೆ ಕೊಡುವ ಆ ಅರ್ಧ ಎಂ.ಎಲ್. ಔಷಧದಲ್ಲಿ ಜೀವಂತ ವೈರಸ್ ಇರುವುದಿಲ್ಲ. ಸಾಮಾನ್ಯವಾಗಿ ವೈರಸ್ಸನ್ನು ಕೋಳಿಮೊಟ್ಟೆಯಲ್ಲಿ ಬೆಳೆಸಿ, ಕೊಂದು, ಒಡೆದು, ಅದರ ಚೂರುಗಳನ್ನಷ್ಟೇ ಶುದ್ಧಮಾಡಿ ತುಂಬಿರುತ್ತಾರೆ. ಚೂರು ಗಂಟಲಲ್ಲಿ ಕೂತು ಬೆಳೆಯಲಾರದು. ಹಾಗಾದರೆ ಜ್ವರ ಬಂದದ್ದು ಸುಳ್ಳೇ? ಸುಳ್ಳಲ್ಲ. ಒಂದೆರಡು ದಿನ ತೋಳು ನೋಯುತ್ತದೆ, ಕೆಲವರಿಗೆ ಮೈ ಬಿಸಿಯಾಗುತ್ತದೆ. ಅದು ದೇಹ ಲಸಿಕೆಯ ಗುರುತು ಹಿಡಿಯುತ್ತಿರುವ ಲಕ್ಷಣ. ರಕ್ಷಣೆ ಬರಲು ಸುಮಾರು 2 ವಾರ ಬೇಕು. ಊರೆಲ್ಲ ಕೆಮ್ಮುವಾಗ ಓಡಿಬಂದು ಹಾಕಿಸಿಕೊಂಡವರಿಗೆ ಆ ನಡುವೆ ನಿಜವಾದ ಫ್ಲೂ ತಗಲಬಹುದು. ಬೇರೆ ವೈರಸ್‌ಗಳ ನೆಗಡಿಯನ್ನಂತೂ ಈ ಲಸಿಕೆ ತಡೆಯುವುದೇ ಇಲ್ಲ. ಇದನ್ನು ಪರೀಕ್ಷಿಸಿಯೂ ನೋಡಿದ್ದಾರೆ: ಯಾರಿಗೆ ಯಾವುದೆಂದು ಹೇಳದೆ ಅರ್ಧ ಜನಕ್ಕೆ ಲಸಿಕೆ, ಅರ್ಧ ಜನಕ್ಕೆ ಬರೀ ಉಪ್ಪುನೀರು ಚುಚ್ಚಿದರು. ಲಸಿಕೆಯವರಲ್ಲಿ ಹೆಚ್ಚಿದ್ದದ್ದು ತೋಳುನೋವು. ಜ್ವರ, ಕೆಮ್ಮು ಎರಡೂ ಕಡೆ ಹೆಚ್ಚುಕಡಿಮೆ ಒಂದೇ.

ನೂರಕ್ಕೆ ನೂರು ಕಾಯುತ್ತದೆಯೇ? ಇಲ್ಲ. ಲಸಿಕೆಯಲ್ಲಿರುವ ವೈರಸ್ ತಳಿ ಊರಲ್ಲಿ ಹರಡುವ ತಳಿಗೆ ಸರಿಹೊಂದಿದ ವರ್ಷ ಫ್ಲೂ ಬರುವ ಸಾಧ್ಯತೆ ಶೇ 40ರಿಂದ 60ರಷ್ಟು ತಗ್ಗುತ್ತದೆ, ವಯಸ್ಸಾದವರಲ್ಲಿ ಈ ರಕ್ಷಣೆ ಇನ್ನೂ ಕಡಿಮೆ. ಆದರೆ ನ್ಯುಮೋನಿಯಾ ಆಗಿ ಐಸಿಯು ಸೇರುವ ಅಪಾಯ ತಗ್ಗುತ್ತದಲ್ಲ, ಶುಗರ್, ದಮ್ಮು ಇದ್ದವರಿಗೆ ಅದೇ ದೊಡ್ಡದು. ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಇದಿಲ್ಲ, ದುಡ್ಡು ಕೊಡಬೇಕು. ಮನೆಯಲ್ಲಿ ಒಬ್ಬರಿಗಷ್ಟೇ ಸಾಧ್ಯ ಎಂದರೆ ತಂದೆಯವರಿಗೇ ಹಾಕಿಸಿ. ಬಸುರಿ ಹೆಂಗಸರಿದ್ದರೆ ಅವರಿಗೂ ಬೇಕು. ವೈರಸ್ ಬದಲಾಗುತ್ತಲೇ ಇರುವುದರಿಂದ ವರ್ಷಕ್ಕೊಮ್ಮೆ ಹಾಕಿಸಬೇಕು. ನಮ್ಮ ಕಡೆ ಮೇ ಕೊನೆ, ಜೂನ್ ಒಳ್ಳೆಯ ಕಾಲ. ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ಮೆಡಿಕಲ್ ಶಾಪಿನಿಂದ ಕೊಂಡು, ನಮ್ಮ ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿಟ್ಟು ತರಬೇಡಿ. ಐಸ್‌ಪ್ಯಾಕ್ ಕೇಳಿ ಪಡೆದು ನೇರ ಆಸ್ಪತ್ರೆಗೆ ಹೋಗಿ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಜ್ವರ ಬಂದ ಕೂಡಲೇ ‘ಒಂದು ಸಲಾಯಿನ್ ಹಚ್ಚಿಬಿಡ್ರಿ’ ಅನ್ನುವವರೇ ಹೆಚ್ಚು. ಸಲಾಯಿನ್ ಅಂದರೆ ನೀರು, ಉಪ್ಪು. ಬಾಯಿಂದ ಕುಡಿಯಲು ಆಗದವರಿಗೆ ಅದು ಬೇಕು. ಫ್ಲೂ ವೈರಸ್ಸಿಗೆ ಅದರಿಂದ ಏನೂ ಆಗದು. ಆಂಟಿಬಯಾಟಿಕ್‌ನಿಂದಲೂ ಆಗದು. ಫ್ಲೂಗೆ ಇರುವ ಒಸೆಲ್ಟಾಮಿವಿರ್ ಮಾತ್ರೆ ಮೊದಲ 2 ದಿನದೊಳಗೆ ಶುರುವಾದರೆ ಹೆಚ್ಚು ಉಪಯೋಗ. ತಂದೆಯವರಿಗೆ ಜ್ವರ, ಕೆಮ್ಮು ಕಂಡರೆ ಆ 2 ದಿನವನ್ನು ಸಲಾಯಿನ್ ಬಾಟ್ಲಿಯಲ್ಲಿ ಕಳೆಯದೆ ವೈದ್ಯರಿಗೆ ತೋರಿಸಿ; ಉಸಿರು ಕಟ್ಟಿದರೆ, ಮಾತು ತಡವರಿಸಿದರೆ ರಾತ್ರಿಯಾದರೂ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ.